ಎರಡು ಡಾಲರಿನ ಡೊನೇಷನ್

ಕ್ಯೋಟೋ, ನವೆಂಬರ್ 29

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ತಲೆಯಿಂದ ಹೋಗಲೇ ಇಲ್ಲ. "ಪ್ರೈವೇಟ್ ಯೂನಿವರ್ಸಿಟಿ ಅಂದ್ರೆ ಡೊನೇಷನ್ ಸೀಟು ತಾನೇ ಮಾರಾಯ?" ಅಂದೆ. ನಾನು "ಹಾಗಲ್ವೋ" ಅಂದು ಸುಮ್ಮನಾದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಇವತ್ತು ನಮ್ಮ ದೋಶಿಶಾ ಯೂನಿವರ್ಸಿಟಿ ಹುಟ್ಟಿದ ದಿನ, ಕ್ಲಾಸಿಲ್ಲ. ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕತ್ತಲಿದ್ದಾಗಲೇ ಎದ್ದು ಊರಿನ ಪೂರ್ವಕ್ಕಿರುವ ನ್ಯಾಕುಓಜಿ ಬೆಟ್ಟ ಹತ್ತಿ ಬಂದೆ. ಈ ಕಾಲೇಜು ಕಟ್ಟಿದ ನೀಜಿಮಾ ಜೋ ಅವರ ಸಮಾಧಿ ಇರುವುದು ಅಲ್ಲೇ. ದಾರಿ ಕಡಿದು, ಮರದ ಬೇರುಗಳೇ ಮೆಟ್ಟಿಲು. ನಮ್ಮ ಕೊಡಚಾದ್ರಿಯಷ್ಟೇನೂ ಎತ್ತರವಿಲ್ಲ ಬಿಡು. ಆದರೆ ಆ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು, ಒದ್ದೆ ಎಲೆಗಳ ಮೇಲೆ ಕಾಲು ಜಾರುತ್ತಿತ್ತು. ಮೇಲೆ ಹೋದರೆ ಗಂಡ ಹೆಂಡತಿ ಸಮಾಧಿ ಅಕ್ಕಪಕ್ಕ. ಬಾಗಿಲ ಹತ್ತಿರ ಶಾಲೆಯ ಜವಾನ ಗೊಹೇ ಅವರದ್ದೂ ಇದೆ. ನೀಜಿಮಾ ಆ ಜವಾನನನ್ನು "ಗೊಹೇ ಸಾನ್" ಎಂದೇ ಕರೆಯುತ್ತಿದ್ದರಂತೆ. ನಮ್ಮಲ್ಲಿ "ಗೊಹೇ ಅವರೇ" ಅಂದ ಹಾಗೆ. ಆಗಿನ ಕಾಲದಲ್ಲಿ ಸಮುರಾಯ್ ಮನೆಯವರೊಬ್ಬರು ಜವಾನನಿಗೆ ಹೀಗೆ ಅನ್ನುವುದು ಸಣ್ಣ ಮಾತಲ್ಲ.

ಈಗ ಡೊನೇಷನ್ ಕಥೆ ಕೇಳು.

ನೀಜಿಮಾ ಹುಟ್ಟಿದ್ದು 1843ರಲ್ಲಿ. ದೇಶ ಬಿಟ್ಟು ಹೋದರೆ ತಲೆ ಹೋಗುವಂಥ ಕಾಲ. 1864ರಲ್ಲಿ, 21ನೇ ವಯಸ್ಸಿಗೆ, ಈ ಮನುಷ್ಯ ಉತ್ತರದ ಹಾಕೋದಾತೆ ಬಂದರಿನಲ್ಲಿ ರಾತ್ರೋರಾತ್ರಿ ಅಮೆರಿಕದ ಹಡಗು ಹತ್ತಿದರು. ಶಾಂಘೈನಲ್ಲಿ ಇನ್ನೊಂದು ಹಡಗು. ದಾರಿಯಲ್ಲಿ ತನ್ನ ಗಿಡ್ಡ ಕತ್ತಿಯನ್ನು ಕ್ಯಾಪ್ಟನ್‌ಗೆ ಮಾರಿ, ಆ ದುಡ್ಡಿನಲ್ಲಿ ಹಾಂಗ್‌ಕಾಂಗಿನಲ್ಲಿ ಚೀನೀ ಭಾಷೆಯ ಬೈಬಲ್ ಕೊಂಡರು. ಸಮುರಾಯ್‌ಗೆ ಕತ್ತಿ ಅಂದರೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. "ಜೋ" ಅನ್ನುವ ಹೆಸರೂ ಆ ಕ್ಯಾಪ್ಟನ್ ಇಟ್ಟದ್ದೇ. ಬೋಸ್ಟನ್‌ನಲ್ಲಿ ಹಡಗಿನ ಮಾಲೀಕ ಆಲ್ಫಿಯಸ್ ಹಾರ್ಡಿ ಮನೆ ಮಗನ ಹಾಗೆ ನೋಡಿಕೊಂಡು ಓದಿಸಿದ. 1870ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನಿಂದ ಪದವಿ ಬಂತು. ಪಶ್ಚಿಮದ ಕಾಲೇಜೊಂದರಲ್ಲಿ ಪದವಿ ಪಡೆದ ಮೊದಲ ಜಪಾನಿ ಇವರೇ.

1874ರ ಅಕ್ಟೋಬರ್. ವರ್ಮಾಂಟ್ ರಾಜ್ಯದ ರಟ್ಲೆಂಡ್ ಊರಿನ ಚರ್ಚಿನಲ್ಲಿ ಮಿಷನ್ ಸಭೆ. ಊರಿಗೆ ಹೊರಟಿದ್ದ ನೀಜಿಮಾ ಎದ್ದು ನಿಂತು, "ನನ್ನ ದೇಶದಲ್ಲೊಂದು ಶಾಲೆ ಕಟ್ಟಬೇಕು, ದುಡ್ಡು ಸಿಗುವವರೆಗೆ ನಾನು ಕೂರುವುದಿಲ್ಲ" ಎಂಬರ್ಥದಲ್ಲಿ ಕೇಳಿಕೊಂಡರು. ನಿಂತ ನಿಲುವಿನಲ್ಲೇ ಸುಮಾರು 5,000 ಡಾಲರ್ ಕೊಡುತ್ತೇವೆಂಬ ಮಾತು ಸಿಕ್ಕಿತು. ಸಭೆ ಮುಗಿದ ಮೇಲೆ ಒಬ್ಬ ಮುದುಕ ರೈತ ಹತ್ತಿರ ಬಂದು ಎರಡು ಡಾಲರ್ ಕೈಗಿಟ್ಟ. ಅದು ಅವನು ಮನೆಗೆ ಹೋಗಲು ಇಟ್ಟುಕೊಂಡಿದ್ದ ರೈಲಿನ ದುಡ್ಡು. ನಡೆದುಕೊಂಡು ಹೋಗುತ್ತೇನೆ ಅಂದನಂತೆ. ಇದೇ ನೋಡು ನಮ್ಮ ಕಾಲೇಜಿನ ಡೊನೇಷನ್. ಮೊದಲ ಸಲ ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಕ್ಯೋಟೋದಲ್ಲಿ ಕೆಲಸ ಸುಲಭವಾಗಲಿಲ್ಲ. ದೇವಸ್ಥಾನಗಳ ಊರಿದು. ಬೌದ್ಧ ಸನ್ಯಾಸಿಗಳು ಕ್ರೈಸ್ತ ಶಾಲೆ ಬೇಡವೇ ಬೇಡ ಎಂದು ತಕರಾರು ತೆಗೆದರು. ಆಗ ಜೊತೆಗೆ ನಿಂತವರು ಯಾಮಾಮೋತೋ ಕಾಕುಮಾ, ಐಜು ಸಂಸ್ಥಾನದವರು. ಕಣ್ಣು ಕಾಣುತ್ತಿರಲಿಲ್ಲ, ನಡೆಯಲೂ ಆಗುತ್ತಿರಲಿಲ್ಲ. 1868ರ ಯುದ್ಧದಲ್ಲಿ ಐಜುವನ್ನು ಸೋಲಿಸಿದ್ದು ಸತ್ಸುಮಾ ಸಂಸ್ಥಾನ ಮತ್ತು ಅದರ ಜೊತೆಗಾರರು. ಕಾಕುಮಾ ಆಗ ಸತ್ಸುಮಾದವರ ಸೆರೆಯಲ್ಲಿದ್ದವರು. ಅದೇ ಸತ್ಸುಮಾದವರ ಹಳೇ ಮನೆಯ ಜಾಗ ಆಮೇಲೆ ಕಾಕುಮಾ ಕೈಗೆ ಬಂತು, ಅವರಿಂದ ಶಾಲೆಗೆ ಬಂತು. ನಾನು ದಿನಾ ಸೈಕಲ್ ನಿಲ್ಲಿಸುವುದು ಆ ನೆಲದ ಮೇಲೆ! ಕಾಕುಮಾ ಅವರ ತಂಗಿ ಯಾಏ 22ನೇ ವಯಸ್ಸಿನಲ್ಲಿ ಐಜು ಕೋಟೆಯೊಳಗಿಂದ ಬಂದೂಕು ಹಿಡಿದು ಹೋರಾಡಿದವರು. ನೀಜಿಮಾ ಮದುವೆಯಾದದ್ದು ಅವರನ್ನೇ.

ಶಾಲೆ ಶುರುವಾದದ್ದು 1875ರ ನವೆಂಬರ್ 29ಕ್ಕೆ, ಬಾಡಿಗೆ ಮನೆಯಲ್ಲಿ. ಎಂಟು ಹುಡುಗರು, ಇಬ್ಬರು ಮೇಷ್ಟ್ರು. ದೋಶಿಶಾ ಅಂದರೆ ಒಂದೇ ಗುರಿ ಇಟ್ಟುಕೊಂಡವರ ಕೂಟ.

ನೀನು ಮೇಷ್ಟ್ರು, ಅದಕ್ಕೇ ಇದೊಂದನ್ನು ಹೇಳಲೇಬೇಕು. 1880ರ ಏಪ್ರಿಲ್‌ನಲ್ಲಿ ಎರಡು ತರಗತಿಗಳನ್ನು ಒಂದು ಮಾಡಿದರು ಅಂತ ಹುಡುಗರು ಸಿಟ್ಟಾಗಿ ಕ್ಲಾಸಿಗೆ ಬರುವುದನ್ನೇ ಬಿಟ್ಟರು. ನಿಯಮದ ಪ್ರಕಾರ ಅವರಿಗೆ ಶಿಕ್ಷೆ ಆಗಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ನೀಜಿಮಾ ಎದ್ದು ನಿಂತರು. ತಪ್ಪು ಹುಡುಗರದ್ದೂ ಅಲ್ಲ, ಮೇಷ್ಟ್ರದ್ದೂ ಅಲ್ಲ, ಶಾಲೆ ನಡೆಸುವ ನನ್ನದು ಅಂದರು. ಬಲಗೈಯಲ್ಲಿ ಬೆತ್ತ ಹಿಡಿದು ತಮ್ಮದೇ ಎಡಗೈಗೆ ಬಾರಿಸಿಕೊಳ್ಳತೊಡಗಿದರು. ಬೆತ್ತ ಮುರಿಯಿತು. ಆದರೂ ನಿಲ್ಲಿಸಲಿಲ್ಲ. ಹುಡುಗರು ಓಡಿ ಬಂದು ಕೈ ಹಿಡಿದುಕೊಂಡರು. ಆ ಬೆತ್ತದ ತುಂಡುಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ನಮಗೂ ಪ್ರೈಮರಿಯಲ್ಲಿ ಬೆತ್ತದ ರುಚಿ ಗೊತ್ತು, ಅಲ್ವಾ? ಅದು ಯಾವತ್ತೂ ಹೀಗೆ ತಿರುಗಿದ್ದನ್ನು ನಾವು ನೋಡಿಲ್ಲ.

ಈ ಶಾಲೆಯನ್ನು ಯೂನಿವರ್ಸಿಟಿ ಮಾಡಬೇಕು ಅಂತ ಊರೂರು ಸುತ್ತಿ ಹಣ ಕೂಡಿಸುತ್ತಲೇ ಅವರು ಕಾಯಿಲೆ ಬಿದ್ದರು. 1890ರ ಜನವರಿಯಲ್ಲಿ ಓಇಸೋ ಎಂಬ ಊರಿನಲ್ಲಿ ತೀರಿಕೊಂಡರು. ಬರೀ 46 ವರ್ಷ. ಹೆಣವನ್ನು ಆ ಬೆಟ್ಟಕ್ಕೆ ಹೊತ್ತದ್ದು ವಿದ್ಯಾರ್ಥಿಗಳೇ. ಸರ್ಕಾರದ ಕಾನೂನಿನ ಲೆಕ್ಕದಲ್ಲಿ ಪೂರ್ತಿ ಯೂನಿವರ್ಸಿಟಿ ಆದದ್ದು 1920ರಲ್ಲಿ.

ಈಗ 14 ಫ್ಯಾಕಲ್ಟಿಗಳು, ಅಂದರೆ ಓದಿನ ವಿಭಾಗಗಳು, ಇವೆ. ಸೈನ್ಸ್, ಎಂಜಿನಿಯರಿಂಗ್ ಎಲ್ಲ ದಕ್ಷಿಣಕ್ಕೆ ಕ್ಯೋತಾನಾಬೆ ಕ್ಯಾಂಪಸ್ಸಿನಲ್ಲಿ. ನಾನಿರುವುದು ಹಳೇ ಇಮಾದೆಗಾವಾದಲ್ಲಿ. ಎದುರಿಗೆ ಚಕ್ರವರ್ತಿಗಳ ಹಳೇ ಅರಮನೆ, ಹಿಂದೆ ಶೋಕೋಕುಜಿ ದೇವಾಲಯ, ನಡುವೆ ಕೆಂಪು ಇಟ್ಟಿಗೆಯ ಕಟ್ಟಡಗಳು. 1886ರ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ, ಇನ್ನೂ ಬಳಕೆಯಲ್ಲಿದೆ. ಡಿಸೆಂಬರ್ ಹತ್ತಿರವಾದರೆ ದೊಡ್ಡ ದೇವದಾರು ಮರಕ್ಕೆ ದೀಪ ಹಾಕುತ್ತಾರೆ. ದೇವದಾರು ನಮ್ಮ ಹಿಮಾಲಯದ್ದು ಅಂತ ಕ್ಲಾಸಿನವರಿಗೆಲ್ಲ ಹೇಳಿಕೊಂಡು ಬಂದೆ.

ಅರಮನೆ ತೋಟದಲ್ಲಿ ಒಂದು ಚಂದದ ಸಂಗತಿ ಇದೆ. ನೆಲಕ್ಕೆಲ್ಲ ಜಲ್ಲಿ ಸುರಿದಿದ್ದಾರೆ, ಸೈಕಲ್ ಹೂತುಹೋಗುತ್ತದೆ. ಆದರೆ ಎಲ್ಲರೂ ಒಂದೇ ಗೆರೆಯಲ್ಲಿ ತುಳಿದು ತುಳಿದು ಒಂದು ಗೇಣಗಲದ ದಾರಿ ಬಿದ್ದಿದೆ. ಥೇಟ್ ನಮ್ಮ ಗದ್ದೆ ಬದು. ಎದುರಿಗೆ ಇನ್ನೊಬ್ಬರು ಬಂದರೆ ಒಬ್ಬರು ಜಲ್ಲಿಗೆ ಇಳಿಯಬೇಕು. ಇಳಿದವರಿಗೆ ಇನ್ನೊಬ್ಬರು ತಲೆ ಬಾಗಿಸಿ ಹೋಗುತ್ತಾರೆ. ದಿನಾ ಬೆಳಿಗ್ಗೆ ನಾನು ಕ್ಲಾಸಿಗೆ ಹೋಗುವುದು ಹೀಗೆ.

ಕ್ಲಾಸು ಒಂದೊಂದೂ 90 ನಿಮಿಷ. ಇಲ್ಲಿನ ಓದಿನ ಜೀವ ಇರುವುದು "ಝೆಮಿ"ಯಲ್ಲಿ. ಒಬ್ಬ ಪ್ರೊಫೆಸರ್, ಸುತ್ತ ಹತ್ತು ಹದಿನೈದು ಜನ. ವಾರಕ್ಕೊಬ್ಬರು ತಮ್ಮ ಕೆಲಸ ಮುಂದಿಡಬೇಕು, ಉಳಿದವರು ಬಿಡದೆ ಪ್ರಶ್ನೆ ಹಾಕುತ್ತಾರೆ. ಕೋರ್ಸು ಮುಗಿದು ಎಷ್ಟು ವರ್ಷವಾದರೂ "ನಾನು ಇಂಥವರ ಝೆಮಿಯವನು" ಅಂತಲೇ ಹೇಳಿಕೊಳ್ಳುತ್ತಾರೆ, ಮನೆತನ ಹೇಳಿದ ಹಾಗೆ.

ಕೊನೆಗೆ ಒಂದು ಕಲ್ಲಿನ ವಿಷಯ. ಚಾಪೆಲ್ ಹತ್ತಿರ ಯುನ್ ದೊಂಗ್‌ಜು ಎಂಬ ಕೊರಿಯಾದ ಕವಿಯ ಸ್ಮಾರಕವಿದೆ. ಜಪಾನ್ ಕೊರಿಯಾವನ್ನು ಆಳುತ್ತಿದ್ದ ಕಾಲ ಅದು. 1942ರಲ್ಲಿ ಇಲ್ಲಿ ಓದಲು ಬಂದ ಹುಡುಗ, ತನ್ನ ತಾಯ್ನುಡಿಯಲ್ಲೇ ಬರೆಯುತ್ತಿದ್ದ. 1943ರಲ್ಲಿ ಪೊಲೀಸರು ಹಿಡಿದರು. 1945ರ ಫೆಬ್ರವರಿ 16ರಂದು ಫುಕುಓಕಾ ಜೈಲಿನಲ್ಲಿ ಸತ್ತ, 27 ವರ್ಷಕ್ಕೆ. ಯುದ್ಧ ಮುಗಿಯಲು ಆರು ತಿಂಗಳಿತ್ತು, ಅಷ್ಟೇ. 1995ರಲ್ಲಿ ಇಟ್ಟ ಆ ಕಲ್ಲಿನ ಮೇಲೆ ಅವನ ಪದ್ಯ ಕೊರಿಯನ್ ಮತ್ತು ಜಪಾನಿ ಎರಡರಲ್ಲೂ ಇದೆ. 2025ರ ಫೆಬ್ರವರಿ 16ರಂದು, ಅವನು ಸತ್ತು 80 ವರ್ಷವಾದ ದಿನ, ದೋಶಿಶಾ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ತಡವಾಯಿತು, ನಿಜ. ಆದರೂ ಕೊಟ್ಟರಲ್ಲ ಅಂತ ನನಗೆ ಸಮಾಧಾನ.

ಬೆಟ್ಟ ಇಳಿದು ಸೀದಾ ಆ ಕಲ್ಲಿನ ಹತ್ತಿರ ಹೋಗಿದ್ದೆ. ಯಾರೋ ಹೂವಿಟ್ಟಿದ್ದರು. ಹೂವಿನ ಪಕ್ಕ ಒಂದಿಷ್ಟು ಪೆನ್ನುಗಳಿದ್ದವು. ಜೇಬಿನಲ್ಲಿ, ನಾನು ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ನೀನು ಕೊಟ್ಟಿದ್ದ ನೀಲಿ ಪೆನ್ನಿತ್ತು. ಅದನ್ನು ಅಲ್ಲಿಟ್ಟು ಬಂದೆ. ಬೇಜಾರು ಮಾಡ್ಕೋಬೇಡ, ಈ ಕಾಗದವನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ.

ನಿನ್ನ ಗೆಳೆಯ