ಆಪ್ತಸಮಾಲೋಚಕರಿಗೆ ಬಾಗಿಲಿರುವ ಕೋಣೆ ಕೊಡಿ

ಮಾನ್ಯರೇ,

ಊರು ಸಣ್ಣದಾದಷ್ಟೂ ಆಪ್ತಸಮಾಲೋಚಕರ ಕರುಣೆ ನಡತೆಯಲ್ಲಿ ಕಾಣಬೇಕು. ತಮ್ಮ ಬಳಿ ಸಮಾಲೋಚನೆಗೆ ಬಂದವರು ಸಂತೆಯಲ್ಲಿ ಎದುರಾದರೆ ತಾವಾಗಿ ಮಾತಾಡಿಸಬಾರದು. ಅವರು ನಮಸ್ಕರಿಸಿದರೆ ಪ್ರತಿನಮಸ್ಕಾರ ಸಾಕು. ಮೊದಲ ಭೇಟಿಗೆ 45 ನಿಮಿಷವಾದರೂ ಬೇಕು. ಜೊತೆಗೆ ಬಂದ ಅತ್ತೆಯೋ ಗಂಡನೋ ಹತ್ತು ನಿಮಿಷ ಮಾತಾಡಿ ಹೊರಗೆ ಕೂರಲಿ; ಅವರೆದುರೇ ಕೇಳಿದರೆ ‘ಏನಿಲ್ಲ, ಬರೀ ತಲೆನೋವು’ ಎಂಬ ಉತ್ತರವಷ್ಟೇ ಸಿಗುತ್ತದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಅದು ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಂದಿದ್ದರೆ ಮನೆಯ ಕೀಟನಾಶಕ ಅಂದೇ ಬೇರೆಡೆ ಸಾಗಬೇಕು. ಜೀವಾಪಾಯವಿದ್ದಾಗ ಮನೆಯವರಿಗೆ ಹೇಳಬೇಕಾಗುತ್ತದೆ ಎಂಬುದನ್ನು ಆರಂಭದಲ್ಲೇ ತಿಳಿಸಿರಬೇಕು. ಉಳಿದಂತೆ ಗೋಪ್ಯತೆಯು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕೊಟ್ಟ ಹಕ್ಕು. ಹೊರರೋಗಿಗಳ ಸಾಲಿನ ಪಕ್ಕದಲ್ಲೇ ಕುರ್ಚಿ ಹಾಕಿದರೆ ಯಾರು ಬಾಯಿ ಬಿಡುತ್ತಾರೆ? ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದಕ್ಕೊಂದು ಪ್ರತ್ಯೇಕ ಕೋಣೆ ಕೊಡಲಿ. ರಾತ್ರಿ ಹೊತ್ತಿನ ಸಂಕಟಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ.

– ಇಬ್ಬರು ಆಪ್ತಸಮಾಲೋಚಕರು, ಹಾವೇರಿ ಜಿಲ್ಲೆ