ಲಿನಕ್ಸ್ ಹಾಕೋ ಮೊದಲು, ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕ್ತೀನಿ ಅಂದೆಯಲ್ಲ, ಕೇಳಿ ಖುಷಿಯಾಯಿತು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ನಿನ್ನದು ಆರನೇ ಜನರೇಷನ್ ಇಂಟೆಲ್ ಐ3 ಪ್ರೊಸೆಸರ್, ವಿಂಡೋಸ್ 11ರ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ. ಹಾಗಂತ ಚೆನ್ನಾಗಿರೋ ಮೆಷಿನ್ ಗುಜರಿಗೆ ಹಾಕೋಕಾಗುತ್ತಾ? ಆದರೆ ಡಿಸ್ಕ್ ಅಳಿಸೋ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಂಡು ಲ್ಯಾಪ್‌ಟಾಪಿನೊಳಗೆ ಯಾವ ಯಾವ ಕಾರ್ಡ್, ಚಿಪ್ ಇದೆ ಅಂತ ನೋಡು.

"ಈ ಕಂಪನಿಯದಾದರೆ ಲಿನಕ್ಸ್ ಸಲೀಸಾಗಿ ಓಡುತ್ತೆ" ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ನಂಬಬೇಡ. ಒಂದೇ ಮಾಡೆಲ್‌ನ ಎರಡು ಲ್ಯಾಪ್‌ಟಾಪಲ್ಲಿ ಬೇರೆ ಬೇರೆ ವೈಫೈ ಕಾರ್ಡ್ ಇರಬಹುದು. ಡ್ರೈವರ್, ಅಂದರೆ ಕಾರ್ಡನ್ನು ನಡೆಸೋ ಸಾಫ್ಟ್‌ವೇರ್, ಹೊಂದಬೇಕಾಗಿರೋದು ಆ ಕಾರ್ಡಿನ ಚಿಪ್ಪಿಗೆ.

ಮಿಂಟ್ ಫೈಲ್ ಮೈಸೂರಲ್ಲೇ ಡೌನ್‌ಲೋಡ್ ಮಾಡಿ 8 ಜಿಬಿ ಪೆನ್‌ಡ್ರೈವಿಗೆ ಬರೆದುಕೋ. ಸೋಮವಾರಪೇಟೆಗೆ ಬಂದ ಮೇಲೆ ಮಾಡೋಣ ಅನ್ನಬೇಡ. ಈ ಮಳೆಗೆ ಇಲ್ಲಿ ಕರೆಂಟೇ ಸರಿಯಾಗಿ ಇರ್ತಿಲ್ಲ, ಸಿಗ್ನಲ್ ಬೇಕಂದ್ರೆ ತೋಟದ ಮೇಲಿನ ರಸ್ತೆಗೆ ಹತ್ತಬೇಕು. ಪೆನ್‌ಡ್ರೈವಿಂದ ಲ್ಯಾಪ್‌ಟಾಪ್ ಬೂಟ್ ಮಾಡಿದರೆ, ಅಂದರೆ ಶುರು ಮಾಡಿದರೆ, ಮಿಂಟ್ ಇನ್‌ಸ್ಟಾಲ್ ಆಗದೇನೇ ಓಡುತ್ತೆ. ನೀನಾಗಿ ಇನ್‌ಸ್ಟಾಲ್ ಒತ್ತೋವರೆಗೂ ನಿನ್ನ ಫೈಲುಗಳು ಹಾಗೇ ಇರ್ತವೆ.

ಮೊದಲು ವೈಫೈ. ಕಮಾಂಡ್ ಬರೆಯೋ ಕಿಟಕಿ ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ' ಬರೆದು, ಜಾಗ ಬಿಟ್ಟು, ಹೈಫನ್ ಹಾಕಿ ಎರಡು 'ಎನ್' ಬರೆದು (lspci -nn) ಎಂಟರ್ ಒತ್ತು. ಉದ್ದದ ಪಟ್ಟಿ ಬರುತ್ತೆ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅನ್ನೋ ಸಾಲು ಹುಡುಕು. ಹೆಸರಾದ ಮೇಲೆ ಚೌಕ ಬ್ರಾಕೆಟ್ ಒಳಗಿನ ನಂಬರು 8086 ಅಂತ ಶುರುವಾದರೆ ಅದು ಇಂಟೆಲ್ ಕಾರ್ಡು, ಸಾಮಾನ್ಯವಾಗಿ ತಾಪತ್ರಯ ಇಲ್ಲ. ಬ್ರಾಡ್‌ಕಾಮ್ ಅಂತಿದ್ದರೆ ಬೇರೆ ಡ್ರೈವರ್ ಹಾಕಬೇಕಾಗಬಹುದು. ಆ ಡ್ರೈವರ್ ತರಿಸೋಕೂ ನೆಟ್ ಬೇಕಲ್ವಾ? ಅದಕ್ಕೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು, ಫೋನಿನ ನೆಟ್ ಲ್ಯಾಪ್‌ಟಾಪಿಗೆ ಸಿಗುತ್ತೆ.

ಆಮೇಲೆ ಒಂದು ಹಾಡು ಹಾಕಿ ಸ್ಪೀಕರ್ ಕೇಳು, ಕ್ಯಾಮೆರಾ ತೆರೆದು ನೋಡು. ಬೆರಳಚ್ಚಿನ ಸೆನ್ಸರ್ ಕೆಲಸ ಮಾಡದೇ ಹೋದರೆ ಬಿಟ್ಟುಬಿಡು, ಪಾಸ್‌ವರ್ಡ್ ಸಾಕು. ಸಸ್ಪೆಂಡ್, ಅಂದರೆ ಲ್ಯಾಪ್‌ಟಾಪನ್ನು ನಿದ್ದೆಗೆ ಕಳಿಸೋದು, ಅದನ್ನು ಪರೀಕ್ಷಿಸದೇ ಮಾತ್ರ ಬಿಡಬೇಡ. ಮೆನುವಿಂದ ಸಸ್ಪೆಂಡ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸು. ಪರದೆ ಕಪ್ಪಾಗೇ ಉಳಿಯಿತಾ, ವೈಫೈ ವಾಪಸ್ ಬಂತಾ ನೋಡು. ನಿದ್ದೆಗೆ ಹೋಗದ ಲ್ಯಾಪ್‌ಟಾಪ್ ಬ್ಯಾಗಿನೊಳಗೇ ಬಿಸಿಯಾಗಿ ಬ್ಯಾಟರಿ ತಿಂದುಹಾಕುತ್ತೆ. ಮಳೆಗಾಲದಲ್ಲಿ ನಮ್ಮನೆಯಲ್ಲಿ ಆ ಬ್ಯಾಟರಿಯೇ ನಿನಗೆ ಆಧಾರ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಗಾಬರಿಯಾಗಬೇಡ. ಬಯಾಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್ ಶುರುವಾಗೋವಾಗಿನ ಸೆಟ್ಟಿಂಗ್ಸ್‌ನಲ್ಲಿ, ಡಿಸ್ಕ್ ರೇಡ್ (RAID) ಮೋಡಿನಲ್ಲಿದ್ದರೆ ಹಾಗಾಗುವುದುಂಟು, ಎಎಚ್‌ಸಿಐ (AHCI) ಮೋಡಿಗೆ ಬದಲಿಸಬೇಕು. ಆದರೆ ಸುಮ್ನೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಡಿಸ್ಕಿಗೆ ಬೀಗ ಹಾಕೋ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಮೊದಲೇ ಕಾಗದದ ಮೇಲೆ ಬರೆದಿಡು. ಪ್ರಾಜೆಕ್ಟ್ ಫೈಲು, ಅಜ್ಜಿಯ ಫೋಟೊಗಳು ಎಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗಲಿ. ಹೋದ ಮೇಲೆ ಒಂದೆರಡು ತೆರೆದು ನೋಡು.

ವೈಫೈ ಹಿಡಿಯದಿದ್ದರೆ ಯೋಚನೆ ಮಾಡಬೇಡ, ಲಿನಕ್ಸಿಗೆ ಹೊಂದೋ ಪುಟ್ಟ ಯುಎಸ್‌ಬಿ ವೈಫೈ ಅಡಾಪ್ಟರ್ ಕೊಡಿಸ್ತೀನಿ. ಅದನ್ನೂ ಚಿಪ್ಪಿನ ಹೆಸರು ನೋಡಿಯೇ ತಗೊಳ್ಳೋಣ. ಭಾನುವಾರ ಫೋನ್ ಮಾಡ್ತೀನಿ, ಅಷ್ಟರೊಳಗೆ ಆ ನೆಟ್‌ವರ್ಕ್ ಸಾಲಿನ ಫೋಟೊ ತೆಗೆದು ವಾಟ್ಸಾಪ್ ಮಾಡು. ಅದನ್ನು ನೋಡೋವರೆಗೂ ಇನ್‌ಸ್ಟಾಲ್ ಒತ್ತಬೇಡ.

ನಿನ್ನ ಅಪ್ಪ