ಶನಿವಾರದ ಸಹಾಯ ಶಿಬಿರ: ಪೂರ್ತಿ ಓದಿ, ಉತ್ತರ ಹಾಕಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಚರ್ಚ್ ಹಾಲ್‌ನಲ್ಲಿ ಹೊಸದಾಗಿ ಬಂದ ವಲಸೆ ಕುಟುಂಬಗಳಿಗೆ, ಕಡಿಮೆ ಆದಾಯದ ಮನೆಯವರಿಗೆ ದಿನಸಿ ಮತ್ತು ಬಟ್ಟೆ ಹಂಚುತ್ತೇವೆ. ಕೆಲಸಕ್ಕೆ ನಿಲ್ಲುವವರು 9ಕ್ಕೇ ಬನ್ನಿ.

ಸಾಮಾನು ಶುಕ್ರವಾರ ಸಂಜೆ 7ರೊಳಗೆ ತಂದಿಡಿ. ಅವಧಿ ಮುಗಿದ ಪೊಟ್ಟಣ ಬೇಡ. ಬಟ್ಟೆ ಒಗೆದು ಮಡಚಿ, ಅಳತೆ ಬರೆದ ಚೀಟಿ ಅಂಟಿಸಿ. ಡೈಪರ್, ಸ್ಯಾನಿಟರಿ ಪ್ಯಾಡ್ ಪ್ರತಿ ಸಲ ಕಡಿಮೆ ಬೀಳುತ್ತವೆ, ಅವನ್ನೇ ಜಾಸ್ತಿ ತನ್ನಿ.

ಒಂದು ಮಾತು ಒತ್ತಿ ಹೇಳಬೇಕು. ವೀಸಾ ಇದೆಯಾ, ಯಾವ ಧರ್ಮ, ಯಾಕೆ ಊರು ಬಿಟ್ರಿ ಅಂತ ಯಾರನ್ನೂ ಕೇಳಬೇಡಿ. ಹೆದರಿ ಬಾಗಿಲಿನಿಂದಲೇ ವಾಪಸ್ ಹೋದವರನ್ನು ನಾನು ನೋಡಿದ್ದೇನೆ, ಆ ಮುಖಗಳು ಇನ್ನೂ ಮರೆತಿಲ್ಲ. ಫೋಟೊ ಬೇಡವೇ ಬೇಡ. ಯಾರಾದರೂ ಅರ್ಜಿ ತುಂಬಲು ಸಹಾಯ ಕೇಳಿದರೆ ತುಂಬಿಕೊಡಿ, ಆದರೆ ಮೂಲ ದಾಖಲೆಗಳನ್ನು ಅವರ ಕೈಗೇ ವಾಪಸ್ ಕೊಡಿ, ಕಾನೂನಿನ ಪ್ರಶ್ನೆಗೆ ಸುಮ್ನೆ ಅಂದಾಜಿನಲ್ಲಿ ಉತ್ತರಿಸಬೇಡಿ, ಒಂದು ತಪ್ಪು ಸಲಹೆಯಿಂದ ಅವರ ಕೇಸೇ ಕೆಡಬಹುದು, ಅಂಥವರನ್ನು ವಕೀಲರ ಮೇಜಿಗೆ ಕಳಿಸಿ. ಮಕ್ಕಳಿಂದ ಅನುವಾದ ಮಾಡಿಸುವುದೂ ಬೇಡ. ಅಪ್ಪ ಅಮ್ಮನ ಸಾಲ, ಕಾಯಿಲೆಯ ವಿಷಯವನ್ನು ಮಗುವಿನ ಬಾಯಲ್ಲಿ ಹೇಳಿಸುವುದು ಸರಿಯಲ್ಲ ಅಲ್ವಾ?

ಅದಕ್ಕೇ ಬೇರೆ ಭಾಷೆ ಬರುವವರು ತುಂಬಾ ಬೇಕು. ಯಾವ ಭಾಷೆ ಅಂತ ಬರೆಯಿರಿ. ವಯಸ್ಸಾದವರನ್ನು ಮನೆಗೆ ಬಿಡಲು ಕಾರು ಇರುವವರೂ ತಿಳಿಸಿ. ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಬರಲು ಆಗದಿದ್ದರೆ ಅದನ್ನೂ ಒಂದು ಸಾಲು ಹೇಳಿಬಿಡಿ, ಕೆಲಸ ಹಂಚಲು ಅನುಕೂಲ.